ದೈವ ತೆರೆಗೆ ಬಂದರೆ ಮೆಚ್ಚುಗೆ, ವೇದಿಕೆಗೆ ಬಂದರೆ ಮೊಕದ್ದಮೆ: ಏಕೆ?

2025ರ ಅಕ್ಟೋಬರ್ 2ರಂದು ‘ಕಾಂತಾರ: ಚಾಪ್ಟರ್ 1’ ತೆರೆಕಂಡಾಗ, ಕರಾವಳಿಯ ತುಳುನಾಡು ಆರಾಧಿಸುವ ದೈವ ಮೈದುಂಬುವ ದೃಶ್ಯಗಳಿಗೆ ಕೂತಲ್ಲೇ ಕೈಮುಗಿದ ಪ್ರೇಕ್ಷಕರಿದ್ದರು. ಅದರ ಬೆನ್ನಿಗೇ ದೈವದ ವೇಷ ತೊಟ್ಟು ಚಿತ್ರಮಂದಿರಕ್ಕೆ ಬಂದವರ, ಆಟ ಮುಗಿದ ಮೇಲೆ ಆವೇಶ ಬಂದವರಂತೆ ಕೂಗಿ ಕುಣಿದವರ ವಿಡಿಯೊಗಳು ಹರಿದಾಡಿದವು. ದಯವಿಟ್ಟು ಹೀಗೆ ಅನುಕರಿಸಬೇಡಿ ಎಂದು ಚಿತ್ರತಂಡವೇ ಮನವಿ ಮಾಡಿಕೊಳ್ಳಬೇಕಾಯಿತು. ನವೆಂಬರ್ 28ರಂದು ಗೋವಾದಲ್ಲಿ ನಡೆದ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ಸಮಾರೋಪದಲ್ಲಿ ಹಿಂದಿ ನಟ ರಣವೀರ್ ಸಿಂಗ್, ಚಿತ್ರದ ನಿರ್ದೇಶಕ ಹಾಗೂ ನಾಯಕನಟ ರಿಷಬ್ ಶೆಟ್ಟಿ ಅವರನ್ನು ಹೊಗಳುವ ಭರದಲ್ಲಿ ಅದರ ಆವೇಶದ ದೃಶ್ಯವನ್ನು ವೇದಿಕೆಯ ಮೇಲೆ ಮಾಡಿ ತೋರಿಸಿದರು. ದೈವವನ್ನು ಹೆಣ್ಣು ದೆವ್ವ ಎಂದೂ ಕರೆದರು. ವಿರೋಧ ಜೋರಾದಾಗ ಡಿಸೆಂಬರ್ 2ರಂದು ಕ್ಷಮೆ ಕೇಳಿದರು. ವಿಷಯ ಅಲ್ಲಿಗೆ ಮುಗಿಯಲಿಲ್ಲ. 2026ರ ಜನವರಿಯಲ್ಲಿ ಬೆಂಗಳೂರಿನ ಹೈಗ್ರೌಂಡ್ಸ್ ಠಾಣೆಯಲ್ಲಿ ಅವರ ವಿರುದ್ಧ ಪ್ರಕರಣ ದಾಖಲಾಯಿತು.

ಇಲ್ಲಿಂದ ಗೊಂದಲ ಶುರುವಾಗುತ್ತದೆ. ಒಬ್ಬ ನಟ ಕ್ಯಾಮೆರಾದ ಮುಂದೆ ದೈವವಾಗಿ ಅಭಿನಯಿಸಿದರೆ ಅದು ಭಕ್ತಿ, ಇನ್ನೊಬ್ಬ ನಟ ಅದನ್ನೇ ಮೈಕಿನ ಮುಂದೆ ಅರೆಗಳಿಗೆ ಮಾಡಿ ತೋರಿಸಿದರೆ ಅಪರಾಧ ಎನ್ನುವುದು ಯಾವ ನ್ಯಾಯ ಎಂದು ಬೆಂಗಳೂರಿನ ಪ್ರೇಕ್ಷಕ ಕೇಳುತ್ತಾನೆ. ಕರಾವಳಿಯ ಹಲವು ದೈವಾರಾಧಕರು ಕೇಳುವುದು ಇದಕ್ಕೆ ತದ್ವಿರುದ್ಧವಾದ ಪ್ರಶ್ನೆ: ಮೊದಲನೆಯದೇ ತಪ್ಪಾಗಿರುವಾಗ ಎರಡನೆಯದನ್ನು ಮಾತ್ರ ಹಿಡಿದು ಜಗ್ಗುವುದೇಕೆ? ಎರಡೂ ಪ್ರಶ್ನೆಗಳು ನ್ಯಾಯವಾದವೇ. ಆದರೆ ದೈವಸ್ಥಾನಕ್ಕೆ, ಸಿನಿಮಾಕ್ಕೆ, ನ್ಯಾಯಾಲಯಕ್ಕೆ ಒಂದೇ ನಿಯಮವಿದೆ ಎಂದು ಎರಡೂ ಕಡೆಯವರು ಭಾವಿಸಿರುವಂತಿದೆ. ಅಲ್ಲಿರುವುದು ಮೂರು ಬೇರೆ ಬೇರೆ ನಿಯಮಗಳು, ಮತ್ತು ಒಂದರ ಭಾಷೆ ಇನ್ನೊಂದಕ್ಕೆ ತಿಳಿಯುವುದಿಲ್ಲ.

ಕಟ್ಟಳೆಯ ಒಳಗೆ

ದೈವ ನರ್ತಕನ ಮೈಮೇಲೆ ಬಂದು ಊರಿನವರೊಡನೆ ಮಾತನಾಡುವ ತುಳುನಾಡಿನ ಆಚರಣೆಯಾದ ಕೋಲ ಅಥವಾ ನೇಮದಲ್ಲಿ ಹಾಡಿದೆ, ಕುಣಿತವಿದೆ, ಬಣ್ಣವಿದೆ, ಬೆಂಕಿಯಿದೆ. ಹೊರಗಿನಿಂದ ನೋಡಿದವರಿಗೆ ಅದು ಕಲೆಯಾಗಿ ಕಾಣುವುದು ಸಹಜ. ಆದರೆ ಅದೇ ಸೀಮೆಯ ಯಕ್ಷಗಾನಕ್ಕೂ ಕೋಲಕ್ಕೂ ಮೂಲದಲ್ಲೇ ಒಂದು ವ್ಯತ್ಯಾಸವಿದೆ. ಯಕ್ಷಗಾನದ ವೇಷವನ್ನು ಕಲಿತವರು ಯಾರು ಬೇಕಾದರೂ ಕಟ್ಟಬಹುದು. ದೈವವನ್ನು ಯಾರು ಕಟ್ಟಬೇಕು, ಯಾವ ದೈವವನ್ನು ಕಟ್ಟಬೇಕು, ಯಾವ ಊರಿನ ಎಲ್ಲೆಯೊಳಗೆ ಕಟ್ಟಬೇಕು ಎಂಬುದು ನರ್ತಕನ ಪ್ರತಿಭೆಯಿಂದ ತೀರ್ಮಾನವಾಗುವುದಿಲ್ಲ. ಅದು ನಲಿಕೆ, ಪರವ, ಪಂಬದ ಸಮುದಾಯಗಳ ಕುಟುಂಬಗಳಿಗೆ ಪರಂಪರೆಯಿಂದ ಬಂದ ಹಕ್ಕು. ಆ ಹಕ್ಕು ಕೂಡ ತಾನಾಗಿಯೇ ಚಲಾವಣೆಗೆ ಬರುವುದಿಲ್ಲ. ಪ್ರತಿಯೊಂದು ಕೋಲಕ್ಕೂ ಹೊಸದಾಗಿ ಸಿಗಬೇಕು.

ಎಣ್ಣೆಬೂಳ್ಯದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಬಣ್ಣ ಹಚ್ಚಿಕೊಳ್ಳುವುದಕ್ಕೆ ಮುಂಚೆ ನರ್ತಕ ದೈವಸ್ಥಾನದ ಎದುರು, ಗುತ್ತಿನ (ಊರಿನ ಮುಖ್ಯ ಮನೆತನದ) ಯಜಮಾನರ ಮತ್ತು ಊರ ಪ್ರಮುಖರ ಸಮ್ಮುಖದಲ್ಲಿ ಎಣ್ಣೆ ಮತ್ತು ವೀಳ್ಯ ಪಡೆಯುತ್ತಾನೆ. ಆ ಎಣ್ಣೆ ಹಚ್ಚಿ ಸ್ನಾನ ಮಾಡಿ ಬಂದ ಮೇಲೆ ಮುಖಕ್ಕೆ ಅರದಳದ ಹಳದಿ ಬೀಳುತ್ತದೆ. ನರ್ತಕನ ಮನೆಯ ಹೆಂಗಸರು ತೆಂಬರೆ ಬಾರಿಸುತ್ತಾ ಆ ದೈವದ ಪಾಡ್ದನ ಹೇಳುತ್ತಾರೆ: ಅದು ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಬಂತು, ಯಾರ ಮನೆಯಲ್ಲಿ ನೆಲೆಯಾಯಿತು ಎಂಬ ವೃತ್ತಾಂತ. ತೆಂಗಿನ ಎಳೆಗರಿಯ ಸಿರಿ ಸುತ್ತಿ, ಗಗ್ಗರವನ್ನು ಕಾಲಿಗೆ ಕಟ್ಟಿ, ಬೆನ್ನಿಗೆ ಪ್ರಭಾವಳಿಯಂಥ ಅಣಿ ಏರಿಸುವ ಹೊತ್ತಿಗೆ ರಾತ್ರಿ ಬಹಳಷ್ಟು ಕಳೆದಿರುತ್ತದೆ. ಅದಾದ ಮೇಲೆ ನುಡಿ. ದೈವ ಯಾರನ್ನು ಮೊದಲು ಕರೆದು ಮಾತನಾಡಿಸಬೇಕು, ಯಾವ ಮನೆತನವನ್ನು ಯಾವ ಬಿರುದಿನಿಂದ ಸಂಬೋಧಿಸಬೇಕು ಎಂಬುದಕ್ಕೂ ಕ್ರಮವಿದೆ. ಕ್ರಮ ತಪ್ಪಿದರೆ ಆಕ್ಷೇಪ ಅಲ್ಲಿಯೇ, ಅಂಗಳದಲ್ಲೇ ಏಳುತ್ತದೆ. ಜಮೀನಿನ ತಕರಾರು, ಮನೆಯೊಳಗಿನ ಜಗಳ, ಊರಿನವರು ಕೊಟ್ಟು ತಪ್ಪಿದ ಮಾತು ಎಲ್ಲವೂ ದೈವದ ಮುಂದೆ ಬರುತ್ತವೆ. ಬೇಸ ತಿಂಗಳ ಹತ್ತನೆಯ ದಿನ, ಅಂದರೆ ಸಾಮಾನ್ಯವಾಗಿ ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯ ನಂತರ ಕೋಲಗಳು ನಿಲ್ಲುತ್ತವೆ.

ಇಷ್ಟು ವಿವರ ಏಕೆಂದರೆ, ಆರಾಧಕರ ಆಕ್ಷೇಪದ ತಿರುಳು ಇಲ್ಲಿದೆ. ದೈವವನ್ನು ಗೌರವದಿಂದ ತೋರಿಸಿದರೋ ಅಗೌರವದಿಂದ ತೋರಿಸಿದರೋ ಎಂಬುದು ಅವರಿಗೆ ಎರಡನೆಯ ಪ್ರಶ್ನೆ. ಎಣ್ಣೆಬೂಳ್ಯ ಪಡೆಯದವನು, ದೈವಸ್ಥಾನವಲ್ಲದ ಜಾಗದಲ್ಲಿ, ಕಾಲವಲ್ಲದ ಕಾಲದಲ್ಲಿ ಕಟ್ಟಿದನೇ ಎಂಬುದು ಮೊದಲನೆಯದು. ಆ ಲೆಕ್ಕದಲ್ಲಿ ಭಕ್ತಿಯಿಂದ ವ್ರತ ಹಿಡಿದು ಅಭಿನಯಿಸಿದ ನಾಯಕನಟನೂ, ತಮಾಷೆಗೆ ಕೂಗಿದ ಪ್ರೇಕ್ಷಕನೂ ಗೆರೆಯ ಆಚೆಗೇ ನಿಂತಿದ್ದಾರೆ. ಒಬ್ಬ ಸ್ವಲ್ಪ ದೂರ, ಇನ್ನೊಬ್ಬ ಬಹುದೂರ.

ಬೆಂಗಳೂರಿನವರಿಗೆ ಇದು ತೀರಾ ಅಪರಿಚಿತ ತರ್ಕವೇನೂ ಅಲ್ಲ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಚೈತ್ರ ಹುಣ್ಣಿಮೆಯ ರಾತ್ರಿ ಹೊರಡುವ ಕರಗವನ್ನು ತಿಗಳ ಸಮುದಾಯದ, ವ್ರತ ಹಿಡಿದ ಒಬ್ಬರೇ ಹೊರುತ್ತಾರೆ. ಆ ವೇಷ ತೊಟ್ಟು ಕಾಲೇಜು ವಾರ್ಷಿಕೋತ್ಸವದಲ್ಲಿ ಕುಣಿಯಲು ಈ ಊರಿನಲ್ಲಿ ಯಾರೂ ಮುಂದಾಗುವುದಿಲ್ಲ. ಹಾಗೆ ಮಾಡಬಾರದೆಂದು ಕಾನೂನಿನಲ್ಲಿ ಎಲ್ಲಿಯೂ ಬರೆದಿಲ್ಲ.

ಕೆಡುಕು ಯಾರ ಮನೆಯಲ್ಲಿದೆ

ಇಂಥ ಚಿತ್ರಗಳನ್ನು ವಿಮರ್ಶಕರು ಜಾನಪದ ಹಾರರ್ ಎಂಬ ಪಂಗಡಕ್ಕೆ ಸೇರಿಸುತ್ತಾರೆ. ಆ ಹೆಸರು ಬ್ರಿಟಿಷ್ ಚಿತ್ರಗಳ ಚರ್ಚೆಯಿಂದ ಬಂದದ್ದು. ಅಲ್ಲಿನ ಮಾದರಿ ಚಿತ್ರವೆಂದು ಎಲ್ಲರೂ ಹೆಸರಿಸುವ 1973ರ ‘ದಿ ವಿಕರ್ ಮ್ಯಾನ್’ನಲ್ಲಿ ನಿಷ್ಠಾವಂತ ಕ್ರೈಸ್ತ ಪೊಲೀಸ್ ಅಧಿಕಾರಿಯೊಬ್ಬ ದೂರದ ದ್ವೀಪಕ್ಕೆ ಬರುತ್ತಾನೆ. ಅಲ್ಲಿನ ಜನ ಹಳೆಯ ದೇವತೆಗಳನ್ನು ಪೂಜಿಸುವವರು. ಬೆಳೆ ಚೆನ್ನಾಗಿ ಬರಲೆಂದು ಅವರು ಕೊನೆಗೆ ಅವನನ್ನೇ ಬಲಿ ಕೊಡುತ್ತಾರೆ. ಹೊರಗಿನವನು ಬಲಿಪಶು, ಊರಿನ ನಂಬಿಕೆಯೇ ಭಯದ ಮೂಲ, ನೋಡುಗ ಹೊರಗಿನವನ ಪಕ್ಕದಲ್ಲಿ ಕೂತು ಹೆದರುತ್ತಾನೆ. ಆ ಪಂಗಡದ ಹೆಚ್ಚಿನ ಚಿತ್ರಗಳು ಇದೇ ಜಾಡಿನಲ್ಲಿವೆ.

ನಮ್ಮ ಕರಾವಳಿಯ ಚಿತ್ರಗಳಲ್ಲಿ ಈ ಜಾಡು ತಲೆಕೆಳಗಾಗುತ್ತದೆ. 2022ರ ‘ಕಾಂತಾರ’ ಶುರುವಾಗುವುದು 1847ರಲ್ಲಿ ಒಬ್ಬ ಅರಸ ದೈವದ ಕಲ್ಲಿಗೆ ಪ್ರತಿಯಾಗಿ ಊರಿನವರಿಗೆ ಕಾಡಿನ ಭೂಮಿ ಬಿಟ್ಟುಕೊಡುವುದರಿಂದ. ಅವನ ಮುಂದಿನ ತಲೆಮಾರಿನವರು ಆ ಮಾತಿಗೆ ತಪ್ಪುವುದೇ ಕಥೆಯ ಕೇಡು. ಇಲ್ಲಿ ನಂಬಿಕೆ ಭಯಾನಕವಲ್ಲ. ನಂಬಿಕೆಗೆ ದ್ರೋಹ ಬಗೆಯುವವನು ಭಯಪಡಬೇಕಾದವನು. ದೈವದ ಕೂಗು ಕೇಳಿದಾಗ ಪ್ರೇಕ್ಷಕನಿಗೆ ಮೈ ನವಿರೇಳುತ್ತದೆ, ಆದರೆ ಅವನು ಓಡಿಹೋಗಬಯಸುವುದಿಲ್ಲ. ಕೂಗು ತನ್ನ ಪರವಾಗಿದೆ ಎಂದು ಅವನಿಗೆ ಗೊತ್ತಿರುತ್ತದೆ. ನಮ್ಮ ಕಡೆ ಭಯಭಕ್ತಿ ಎಂದು ಒಂದೇ ಉಸಿರಿಗೆ ಹೇಳುವ ಮನಃಸ್ಥಿತಿ ಅದು. ಚಿತ್ರಮಂದಿರದಲ್ಲಿ ಜನ ಕೈಮುಗಿದದ್ದಕ್ಕೂ, ಕೆಲವರು ಆವೇಶ ಬಂದಂತೆ ವರ್ತಿಸಿದ್ದಕ್ಕೂ ಕಾರಣವನ್ನು ಇಲ್ಲಿ ಹುಡುಕಬೇಕು. ದೆವ್ವದ ಸಿನಿಮಾ ನೋಡಿ ಬಂದವರು ದೆವ್ವದಂತೆ ನಟಿಸಿ ಭಕ್ತಿ ತೋರಿಸುವುದಿಲ್ಲ. ಇಲ್ಲಿ ತೆರೆಯ ಮೇಲಿನ ಶಕ್ತಿ ನ್ಯಾಯದ ಕಡೆಗಿರುವುದರಿಂದ ಅದರೊಂದಿಗೆ ತಾನೂ ಒಂದಾಗುವ ಆಸೆ ನೋಡುಗನಲ್ಲಿ ಹುಟ್ಟುತ್ತದೆ.

ಈ ತಲೆಕೆಳಗು ಸಿನಿಮಾದವರ ಕಲ್ಪನೆಯಲ್ಲ, ಪಾಡ್ದನಗಳಲ್ಲೇ ಇದೆ. ಪಂಜುರ್ಲಿ, ಗುಳಿಗರಂತೆ ಕೈಲಾಸದ ಮೂಲ ಹೇಳಿಕೊಳ್ಳುವ ದೈವಗಳು ಒಂದು ಬಗೆ. ಇನ್ನೊಂದು ಬಗೆಯವು ಒಮ್ಮೆ ಮನುಷ್ಯರಾಗಿದ್ದು, ಅನ್ಯಾಯಕ್ಕೆ ಸಿಕ್ಕಿ, ಆಮೇಲೆ ದೈವಗಳಾದವು. ಕಾರ್ಕಳದಲ್ಲಿ 1432ರಲ್ಲಿ ನಿಂತ ಗೊಮ್ಮಟನನ್ನು ಕೆತ್ತಿದ ಶಿಲ್ಪಿ ಎಂದು ಪಾಡ್ದನ ಹೇಳುವ ಕಲ್ಕುಡನ ಕಥೆ ನೋಡಿ. ಇಂಥದೇ ಇನ್ನೊಂದನ್ನು ಬೇರೆಲ್ಲೂ ಕೆತ್ತಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸುತ್ತಾನೆ. ಕಲ್ಕುಡನೂ ತಂಗಿ ಕಲ್ಲುರ್ಟಿಯೂ ದೈವಗಳಾಗಿ ಕಾರ್ಕಳವನ್ನು ಕಾಡುತ್ತಾರೆ. ಕೊರಗಜ್ಜ ಅಸ್ಪೃಶ್ಯತೆಯ ನೋವುಂಡ ಕೊರಗ ಸಮುದಾಯದ ತರುಣ. ಬದುಕಿದ್ದಾಗ ನ್ಯಾಯ ಕೊಡದ ಊರೇ ಅವರು ದೈವವಾದ ಮೇಲೆ ಅವರ ಮುಂದೆ ತಲೆಬಾಗಿ ನ್ಯಾಯ ಕೇಳುತ್ತದೆ. ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅವರಂಥ ವಿದ್ವಾಂಸರು ದಶಕಗಳ ಕಾಲ ದಾಖಲಿಸಿರುವ ಈ ಸಾಹಿತ್ಯದಲ್ಲಿ ಕೆಡುಕು ಎನ್ನುವುದು ಪಾತಾಳದಿಂದ ಏಳುವ ಶಕ್ತಿಯಲ್ಲ. ಅದು ಚಾವಡಿಯಲ್ಲಿ ಕೂತ ಮನುಷ್ಯ.

ಇದನ್ನು ಅರಿಯದೆ ದೈವವನ್ನು ದೆವ್ವವೆಂದು ಬರೆದವರಲ್ಲಿ ಗೋವಾದ ವೇದಿಕೆಯ ನಟರು ಮೊದಲಿಗರಲ್ಲ. ಬ್ರಿಟಿಷ್ ಅಧಿಕಾರಿ ಎ.ಸಿ. ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು 1890ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚಾದದ್ದೇ ತುಳುವರ ಪಿಶಾಚಾರಾಧನೆ ಎಂಬ ತಲೆಬರಹದಡಿ. ಆ ಹಳೆಯ ಗಾಯದ ನೆನಪಿರುವವರಿಗೆ ಆ ಒಂದು ಮಾತು ಅನುಕರಣೆಗಿಂತ ಹೆಚ್ಚು ಚುಚ್ಚಿದ್ದರೆ ಆಶ್ಚರ್ಯವಿಲ್ಲ.

ನೆರೆಯ ಭಾಷೆಗಳ ಎರಡು ಚಿತ್ರಗಳನ್ನು ಪಕ್ಕದಲ್ಲಿಟ್ಟರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. 2018ರ ಹಿಂದಿ ಚಿತ್ರ ‘ತುಂಬಾಡ್’ನ ಹಸ್ತರ್ ಎಂಬ ದೇವತೆ ಚಿತ್ರತಂಡದ ಸೃಷ್ಟಿ. ಅವನಿಗೆ ಗುಡಿಯಿಲ್ಲ, ಒಕ್ಕಲಿಲ್ಲ, ಆದ್ದರಿಂದ ಅವನನ್ನು ಎಷ್ಟು ಭೀಕರವಾಗಿ ತೋರಿಸಿದರೂ ಯಾರ ಮನಸ್ಸೂ ನೋಯಲಿಲ್ಲ. 2024ರ ಫೆಬ್ರವರಿಯಲ್ಲಿ ಬಂದ ಮಲಯಾಳದ ‘ಭ್ರಮಯುಗಂ’ ಪೂರ್ತಿ ಕಪ್ಪು ಬಿಳುಪಿನ ಚಿತ್ರ. ಪಾಳುಬಿದ್ದ ಮನೆ, ನಿಲ್ಲದ ಮಳೆ, ಅಡುಗೆಮನೆಯ ಹೊಗೆ, ಇವಿಷ್ಟರಲ್ಲೇ ಅದು ಉಸಿರುಗಟ್ಟಿಸುತ್ತದೆ; ಕೆಳಜಾತಿಯ ಹಾಡುಗಾರನೊಬ್ಬ ಮೇಲ್ಜಾತಿಯ ಮಂತ್ರವಾದಿಯ ಮನೆಯಲ್ಲಿ ಸೆರೆಯಾಗುವ ಕಥೆ ಅದು. ಅದರ ವಿರುದ್ಧ ಕೇರಳ ಹೈಕೋರ್ಟ್ ಮೆಟ್ಟಿಲೇರಿದವರು ಭಕ್ತರಲ್ಲ, ಒಂದು ಮನೆತನದವರು. ಪಾತ್ರದ ಕುಂಜಮನ್ ಪೋಟ್ಟಿ ಎಂಬ ಹೆಸರು ತಮ್ಮ ಮನೆತನಕ್ಕೆ ಕಳಂಕ ತರುತ್ತದೆಂದು ‘ಪುಂಜಮನ್ ಇಲ್ಲಂ’ ಎಂಬ ಆ ಮನೆತನದವರು ಆಕ್ಷೇಪಿಸಿದರು. ಚಿತ್ರತಂಡ ಅದನ್ನು ಕೊಡುಮನ್ ಪೋಟ್ಟಿ ಎಂದು ಬದಲಿಸಿತು. ಜಾನಪದವನ್ನು ಬಳಸುವ ಚಿತ್ರ ವಿವಾದಕ್ಕೆ ಸಿಕ್ಕುವುದು ಭಯ ಹುಟ್ಟಿಸಿದ್ದಕ್ಕಲ್ಲ. ಆ ಕಥೆಯ ವಾರಸುದಾರರು ಎಲ್ಲೋ ಇನ್ನೂ ಬದುಕಿರುವುದರಿಂದ.

ಕ್ಯಾಮೆರಾ ಮಾಡುವ ಕೆಲಸ

ತುಳುನಾಡಿನ ದೈವಗಳು ತೆರೆಗೆ ಬಂದದ್ದು ಈಚೆಗಲ್ಲ. ಕೋಟಿ ಚೆನ್ನಯರ ಕಥೆ 1973ರಲ್ಲೇ ತುಳು ಚಿತ್ರವಾಗಿತ್ತು. ಆಗ ಏಳದ ಗಲಾಟೆ ಈಗ ಏಳಲು ಕಾರಣ ಚಿತ್ರದ ಗಾತ್ರ ಮತ್ತು ಅದರ ಕಣ್ಣು ಕೋರೈಸುವ ಗುಣ.

ಅಂಗಳದಲ್ಲಿ ಕೋಲ ನೋಡುವವನಿಗೆ ಬಹುಪಾಲು ಸಮಯ ಏನೂ ನಡೆಯುತ್ತಿಲ್ಲ ಎನ್ನಿಸುತ್ತದೆ. ಕಾಯಬೇಕು, ತೂಕಡಿಸಬೇಕು, ಪಕ್ಕದವರೊಡನೆ ಮಾತನಾಡಬೇಕು, ನಡುವೆ ಊಟ ಮಾಡಿ ಬರಬೇಕು. ಆವೇಶದ ಗಳಿಗೆ ಆ ದೀರ್ಘ ಕಾಯುವಿಕೆಯ ಕೊನೆಗೆ ಬರುತ್ತದೆ ಮತ್ತು ಅದರ ಹಿಂದೆ ಆ ಊರಿನ ಲೆಕ್ಕಪತ್ರಗಳೆಲ್ಲ ಇರುತ್ತವೆ. ಸಿನಿಮಾಕ್ಕೆ ಇಷ್ಟು ಪುರಸೊತ್ತಿಲ್ಲ. ಅರವಿಂದ್ ಕಶ್ಯಪ್ ಅವರ ಛಾಯಾಗ್ರಹಣವೂ ಅಜನೀಶ್ ಲೋಕನಾಥ್ ಅವರ ಸಂಗೀತವೂ ರಾತ್ರಿಯಿಡೀ ಹರಡಿಕೊಂಡಿರುವುದನ್ನು ಕೆಲವು ನಿಮಿಷಗಳಿಗೆ ಹಿಂಡುತ್ತವೆ. ದೊಂದಿಯ ಬೆಳಕು ಹಳದಿ ಮುಖದ ಮೇಲೆ ಬಿದ್ದು ಉಳಿದದ್ದೆಲ್ಲ ಕತ್ತಲಾಗುವ ಚೌಕಟ್ಟು, ಗಗ್ಗರದ ಸದ್ದು ಎದೆಗೆ ಬಡಿಯುವಷ್ಟು ಹತ್ತಿರ, ಆಮೇಲೆ ಆ ಕೂಗು. ಸಿನಿಮಾ ಕಲೆಯಾಗಿ ಇದು ದೊಡ್ಡ ಸಾಧನೆ. 2022ರ ಚಿತ್ರಕ್ಕೆ ಎಪ್ಪತ್ತನೆಯ ರಾಷ್ಟ್ರಪ್ರಶಸ್ತಿಗಳಲ್ಲಿ ರಿಷಬ್ ಶೆಟ್ಟಿ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಸಿಕ್ಕಿದ್ದು ಸುಮ್ಮನಲ್ಲ.

ಆದರೆ ಹಿಂಡಿ ತೆಗೆದದ್ದನ್ನು ಬಿಡಿಯಾಗಿ ಎತ್ತಿಕೊಂಡು ಹೋಗುವುದು ಸುಲಭ. ಪಾಡ್ದನ, ಎಣ್ಣೆಬೂಳ್ಯ, ನುಡಿಯ ಕ್ರಮ ಇವು ರೀಲ್ಸ್‌ಗೆ ಹಿಡಿಯುವುದಿಲ್ಲ, ಕೂಗು ಹಿಡಿಯುತ್ತದೆ. ಮೂವತ್ತು ಸೆಕೆಂಡಿನ ತುಣುಕಾಗಿ ಒಮ್ಮೆ ಹೊರಬಿದ್ದ ಮೇಲೆ ಅದು ಯಾವ ದೈವದ್ದು, ಯಾವ ಊರಿನದು ಎಂಬುದು ನೋಡುವವನಿಗೂ ಬೇಕಿಲ್ಲ, ಮಾಡುವವನಿಗೂ ಬೇಕಿಲ್ಲ. ಅನುಕರಿಸಬೇಡಿ ಎಂಬ ಮನವಿಯ ಕಷ್ಟ ಇದು. ಅನುಕರಿಸಬೇಕೆನ್ನಿಸುವಷ್ಟು ಬಲವಾಗಿ ಆ ದೃಶ್ಯವನ್ನು ಕಟ್ಟಿ, ಪ್ರಚಾರಕ್ಕೂ ಅದನ್ನೇ ಮುಂದಿಟ್ಟು, ಆಮೇಲೆ ಕೈಮುಗಿದು ಬೇಡಿಕೊಂಡರೆ ಕೇಳುವವರು ಎಷ್ಟು ಮಂದಿ?

ಯಾರು ಏನು ಹೇಳುತ್ತಿದ್ದಾರೆ

ಆರಾಧಕರೆಲ್ಲ ಒಂದೇ ಮಾತು ಹೇಳುತ್ತಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಯಾವುದೇ ಬಗೆಯ ಚಿತ್ರಣ ಸಲ್ಲದು, ಮೆರವಣಿಗೆಯ ಸ್ತಬ್ಧಚಿತ್ರದಲ್ಲೂ ನಾಟಕದಲ್ಲೂ ದೈವವನ್ನು ತರಬಾರದು ಎನ್ನುವ ಗುಂಪು ಸಿನಿಮಾಕ್ಕೆ ಎಷ್ಟೋ ಮೊದಲಿನಿಂದ ಹೋರಾಡುತ್ತಿದೆ. ಇನ್ನೊಂದು ಗುಂಪಿಗೆ ಚಿತ್ರಣ ಒಪ್ಪಿಗೆ, ಅಣಕು ಮಾತ್ರ ಒಪ್ಪಿಗೆಯಿಲ್ಲ. ಸಿನಿಮಾದಿಂದಾಗಿ ದೈವದ ಹೆಸರು ದೇಶಕ್ಕೆ ತಿಳಿಯಿತು ಎಂಬ ಹೆಮ್ಮೆಯೂ ಅವರಲ್ಲಿದೆ. ದೈವದ ಅಪ್ಪಣೆ ಕೇಳಿಯೇ ಮುಂದುವರಿದೆವು ಎಂಬ ಚಿತ್ರತಂಡದ ಸಮರ್ಥನೆ ಈ ಎರಡನೆಯ ಗುಂಪಿಗೆ ಸಾಕು, ಮೊದಲನೆಯದಕ್ಕೆ ಸಾಲದು. ಒಂದು ದೈವಸ್ಥಾನದಲ್ಲಿ ಸಿಕ್ಕ ಅಪ್ಪಣೆ ಇನ್ನೊಂದು ದೈವಸ್ಥಾನವನ್ನು ಕಟ್ಟಿಹಾಕುವುದಿಲ್ಲ. ಇಲ್ಲಿ ಎಲ್ಲರ ಪರವಾಗಿ ಹೌದೆನ್ನುವ ಒಂದು ಪೀಠವಿಲ್ಲ.

ಎರಡನೆಯ ವಾದ ಧರ್ಮದ ಗುರುತಿಗೆ ಸಂಬಂಧಿಸಿದ್ದು. 2022ರ ಅಕ್ಟೋಬರ್‌ನಲ್ಲಿ, ಭೂತಕೋಲ ಹಿಂದೂ ಸಂಸ್ಕೃತಿಯ ಭಾಗವೆಂಬ ಮಾತನ್ನು ನಟ ಚೇತನ್ ಅಹಿಂಸಾ ಒಪ್ಪಲಿಲ್ಲ. ಅದು ವೈದಿಕ ಧರ್ಮಕ್ಕಿಂತ ಹಿಂದಿನ, ಮೂಲನಿವಾಸಿಗಳ ಪರಂಪರೆ ಎಂದರು. ಅದಕ್ಕೂ ಬೆಂಗಳೂರಿನ ಶೇಷಾದ್ರಿಪುರಂ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. ದೈವವನ್ನು ಅಣಕಿಸಿದ್ದಕ್ಕೆ ಒಂದು ಮೊಕದ್ದಮೆ, ದೈವದ ಚರಿತ್ರೆಯ ಬಗ್ಗೆ ಅಭಿಪ್ರಾಯ ಹೇಳಿದ್ದಕ್ಕೆ ಇನ್ನೊಂದು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅಭ್ಯಾಸ ಬಂದುಬಿಟ್ಟರೆ ವಿದ್ವಾಂಸರು ಬಾಯಿ ತೆರೆಯುವುದೂ ಕಷ್ಟವಾದೀತು.

ಮೂರನೆಯದು ಜಾತಿಯ ಪ್ರಶ್ನೆ. ಇದು ಸುದ್ದಿಯಲ್ಲಿ ಕಡಿಮೆ ಕಾಣುತ್ತದೆ, ಆದರೆ ಹೆಚ್ಚು ಗಟ್ಟಿಯಾದದ್ದು. ಕೋಲದ ರಾತ್ರಿ ಯಾರ ಕಾಲಿಗೆ ಊರೇ ಎರಗುತ್ತದೋ ಅವರು ದಲಿತ ಸಮುದಾಯಗಳಿಗೆ ಸೇರಿದವರು. ಬೆಳಗಾಗಿ ಬಣ್ಣ ತೊಳೆದ ಮೇಲೆ ಅದೇ ಚಾವಡಿಯಲ್ಲಿ ಅವರ ಸ್ಥಾನ ಎಲ್ಲಿರುತ್ತದೆ ಎಂಬುದು ಕರಾವಳಿಗೆ ಗೊತ್ತಿರುವ ಸಂಗತಿಯೇ. ಅವರ ಕುಲವೃತ್ತಿಯ ದೃಶ್ಯರೂಪ ಕೋಟಿಗಳ ವ್ಯವಹಾರವಾದಾಗ ಅದರಲ್ಲಿ ಅವರಿಗೆ ಬಂದದ್ದೇನು ಎಂಬ ಪ್ರಶ್ನೆಗೆ ಸಿಗುವ ಒಂದು ಉತ್ತರ, ಮೊದಲ ಚಿತ್ರದ ಬೆನ್ನಿಗೆ 2022ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಪ್ರಕಟಿಸಿದ ಮಾಸಾಶನ: 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ. ಅದನ್ನು ತಪ್ಪೆನ್ನುವವರಿಲ್ಲ. ಅಷ್ಟೇ ಸಾಕೆನ್ನುವವರೂ ಇರಲಾರರು.

ಕಾನೂನಿನ ಕಣ್ಣಿಗೆ ಬೀಳುವುದು

ಚಿತ್ರಕ್ಕೆ ಒಂದು ದಾರಿ, ವೇದಿಕೆಯ ಮಾತಿಗೆ ಇನ್ನೊಂದು ದಾರಿ ಎಂದು ಕಾನೂನು ಮೊದಲೇ ಗೊತ್ತುಮಾಡಿದೆ. ಸಿನಿಮಾ ಬಿಡುಗಡೆಗೆ ಮುನ್ನ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಪ್ರಮಾಣಪತ್ರ ಪಡೆಯಬೇಕು. ಇಂಥ ಪೂರ್ವಪರಿಶೀಲನೆ ಸಂವಿಧಾನಬದ್ಧವೆಂದು ಸುಪ್ರೀಂ ಕೋರ್ಟ್ 1970ರ ಕೆ.ಎ. ಅಬ್ಬಾಸ್ ಪ್ರಕರಣದಲ್ಲಿ ಹೇಳಿದೆ. ಧಾರ್ಮಿಕ ಗುಂಪುಗಳನ್ನು ಹೀನಾಯವಾಗಿ ತೋರಿಸಿದ್ದಾರೆಯೇ ಎಂದು ಚಿತ್ರ ಪ್ರಮಾಣೀಕರಣ ಮಂಡಳಿ ನೋಡುತ್ತದೆ. ಎಣ್ಣೆಬೂಳ್ಯ ಆಗಿದೆಯೇ ಎಂದು ಕೇಳುವ ಕಾಲಮ್ಮು ಅಲ್ಲಿಲ್ಲ, ಇರಲೂ ಸಾಧ್ಯವಿಲ್ಲ. ಒಮ್ಮೆ ಪ್ರಮಾಣಪತ್ರ ಸಿಕ್ಕಿತೆಂದರೆ ಜನ ಬೀದಿಗಿಳಿದಾರು ಎಂಬ ಭಯಕ್ಕೆ ಚಿತ್ರವನ್ನು ತಡೆಯಲಾಗದು ಎಂಬುದು 1989ರ ಎಸ್. ರಂಗರಾಜನ್ ಪ್ರಕರಣದ ತೀರ್ಪಿನ ಸಾರ. ಹೀಗಾಗಿ ‘ಕಾಂತಾರ’ದಂಥ ಚಿತ್ರದ ಸುತ್ತ ಕಾನೂನಿನ ಒಂದು ಬೇಲಿಯಿದೆ.

ವೇದಿಕೆಯ ಮೇಲೆ ನಿಂತು ಮಾತನಾಡುವವನಿಗೆ ಆ ಬೇಲಿಯಿಲ್ಲ. ಇಂಥ ಪ್ರಸಂಗಗಳಲ್ಲಿ ದೂರುದಾರರು ಮುಖ್ಯವಾಗಿ ನೆಚ್ಚುವುದು ಧಾರ್ಮಿಕ ಭಾವನೆಗೆ ಧಕ್ಕೆ ತರುವುದನ್ನು ಶಿಕ್ಷಿಸುವ ಭಾರತೀಯ ನ್ಯಾಯ ಸಂಹಿತೆಯ 299ನೆಯ ಸೆಕ್ಷನ್ನನ್ನು. ಇದು 1927ರಲ್ಲಿ ದಂಡ ಸಂಹಿತೆಗೆ ಸೇರಿದ್ದ 295ಎ ಸೆಕ್ಷನ್ನಿನ ಹೊಸ ಹೆಸರು. ಗರಿಷ್ಠ ಶಿಕ್ಷೆ ಮೂರು ವರ್ಷ. ಆದರೆ ನೋವಾಯಿತು ಎಂದಷ್ಟಕ್ಕೇ ಅಪರಾಧ ಸಾಬೀತಾಗುವುದಿಲ್ಲ. ಉದ್ದೇಶಪೂರ್ವಕವಾದ, ದುರುದ್ದೇಶದಿಂದ ಕೂಡಿದ ಅವಮಾನವಾಗಿರಬೇಕು. ಆ ಎರಡು ಷರತ್ತುಗಳಿರುವುದರಿಂದಲೇ 1957ರ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಸೆಕ್ಷನ್ನನ್ನು ಎತ್ತಿಹಿಡಿದದ್ದು. ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿ ಅವರನ್ನು ವಿಷ್ಣುವಿನ ರೂಪದಲ್ಲಿ ತೋರಿಸಿದ ಪತ್ರಿಕೆಯ ಮುಖಪುಟದ ಪ್ರಕರಣವನ್ನು 2017ರಲ್ಲಿ ರದ್ದುಪಡಿಸುವಾಗಲೂ, ತಿಳಿಯದೆ ಅಥವಾ ಅಜಾಗರೂಕತೆಯಿಂದ ಆದ ಅವಮಾನಕ್ಕೆ ಇದು ಅನ್ವಯಿಸುವುದಿಲ್ಲವೆಂದು ನ್ಯಾಯಾಲಯ ಸ್ಪಷ್ಟಪಡಿಸಿತು.

ಇದರ ಜೊತೆಗೆ, ಸರ್ಕಾರದ ಪೂರ್ವಾನುಮತಿ ಇಲ್ಲದೆ ನ್ಯಾಯಾಲಯ ಈ ಅಪರಾಧದ ವಿಚಾರಣೆಯನ್ನು ಕೈಗೆತ್ತಿಕೊಳ್ಳುವಂತಿಲ್ಲ ಎಂಬ ನಿಯಮವೂ ಇದೆ. ಪರಿಣಾಮವಾಗಿ ಎಫ್‌ಐಆರ್ ದಾಖಲಾಗುವುದು ಸುಲಭ, ಶಿಕ್ಷೆಯಾಗುವುದು ಅಪರೂಪ. ನಡುವಿನ ಅಲೆದಾಟವೇ ಶಿಕ್ಷೆಯಾಗಿ ಪರಿಣಮಿಸುತ್ತದೆ. ಹೊಗಳಲು ಹೋಗಿ ಎಡವಿ, ನಾಲ್ಕು ದಿನದಲ್ಲಿ ಕ್ಷಮೆ ಕೇಳಿದವರ ಮನಸ್ಸಿನಲ್ಲಿ ದುರುದ್ದೇಶವಿತ್ತೆಂದು ರುಜುವಾತು ಮಾಡುವುದು ಎಷ್ಟು ಕಷ್ಟವೆಂದು ಹೇಳಲು ಕಾನೂನು ಪದವಿ ಬೇಕಿಲ್ಲ. ಆರಾಧಕರ ದೃಷ್ಟಿಯಿಂದ ನೋಡಿದರೂ ಈ ಸೆಕ್ಷನ್ ಕೈಗೆ ಸರಿಹೊಂದುವ ಆಯುಧವಲ್ಲ. ಕೋಲದ ಕಟ್ಟಳೆ ಅಧಿಕಾರವನ್ನು ಕೇಳುತ್ತದೆ; ದಂಡ ಸಂಹಿತೆ ಉದ್ದೇಶವನ್ನು ಕೇಳುತ್ತದೆ. ಅಧಿಕಾರವಿಲ್ಲದೆ, ಆದರೆ ಸದುದ್ದೇಶದಿಂದ ಮಾಡಿದವನು ಕಟ್ಟಳೆಗೆ ತಪ್ಪಿದಂತೆ, ಕಾನೂನಿಗೆ ತಪ್ಪಿದಂತಲ್ಲ. ಪ್ರಕರಣ ಬಿದ್ದುಹೋದರೆ ಅನುಕರಣೆ ಸರಿಯೆಂದು ನ್ಯಾಯಾಲಯವೇ ಹೇಳಿತು ಎಂಬ ತಪ್ಪು ಅರ್ಥವೂ ಹುಟ್ಟಬಹುದು.

ಬೆಂಗಳೂರಿಗೆ ಏಕೆ ಬಂತು

ಕರಾವಳಿಯ ದೈವದ ವಿವಾದ, ಗೋವಾದಲ್ಲಿ ನಡೆದ ಪ್ರಸಂಗ, ಠಾಣೆ ಬೆಂಗಳೂರಿನದು. ಇದು ಆಕಸ್ಮಿಕವಲ್ಲ. ನಿರ್ಮಾಣ ಸಂಸ್ಥೆ ಹೊಂಬಾಳೆಯ ನೆಲೆ ಇಲ್ಲಿದೆ, ಪ್ರಮಾಣೀಕರಣ ಮಂಡಳಿಯ ಪ್ರಾದೇಶಿಕ ಕಚೇರಿ ಇಲ್ಲಿದೆ, ಸುದ್ದಿವಾಹಿನಿಗಳು ಇಲ್ಲಿವೆ, ಊರಿನ ನೇಮಕ್ಕೆ ರಾತ್ರಿ ಬಸ್ಸು ಹತ್ತುವ ಲಕ್ಷಾಂತರ ಕರಾವಳಿಗರೂ ಇಲ್ಲಿದ್ದಾರೆ. 2023ರ ನವೆಂಬರ್ 25 ಮತ್ತು 26ರಂದು ಅರಮನೆ ಮೈದಾನದಲ್ಲಿ ಕಂಬಳವನ್ನೇ ತಂದು ನಡೆಸಿದಾಗ, ಗದ್ದೆಯ ಜೊತೆ ಹುಟ್ಟಿದ ಆಚರಣೆಯನ್ನು ಗದ್ದೆಯಿಲ್ಲದ ಊರಿಗೆ ತರಬಹುದೇ ಎಂಬ ಚರ್ಚೆ ಆಗಿತ್ತು. ಕಂಬಳ ಬಂತು, ಜನ ಸೇರಿದರು, ಆಕ್ಷೇಪ ಕರಗಿತು. ಕಂಬಳದಲ್ಲಿ ಸ್ಪರ್ಧೆಯ ಅಂಶ ಪ್ರಧಾನವಾದ್ದರಿಂದ ಅದನ್ನು ಕಿತ್ತು ಬೇರೆಡೆ ನೆಡಬಹುದು. ಕೋಲವನ್ನು ಹಾಗೆ ನೆಡಲಾಗದು. ದೈವ ಕೂತಿರುವುದು ನಿರ್ದಿಷ್ಟ ದೈವಸ್ಥಾನದಲ್ಲಿ, ನಿರ್ದಿಷ್ಟ ಮನೆತನಗಳ ನಡುವೆ.

ಮುಂದೆ ಏನಾಗಬಹುದು

ಚಿತ್ರರಂಗದ ಮೇಲೆ ಆಗುವ ಮೊದಲ ಪರಿಣಾಮ ಊಹಿಸಬಹುದಾದದ್ದೇ. ನಿಜವಾದ ದೈವಗಳ ಹೆಸರನ್ನು ಬಿಟ್ಟು ‘ತುಂಬಾಡ್’ನಂತೆ ಕಲ್ಪಿತ ಶಕ್ತಿಗಳನ್ನು ಕಟ್ಟುವ ಕಡೆಗೆ ನಿರ್ಮಾಪಕರು ವಾಲುತ್ತಾರೆ. ವಿವಾದದ ಭಯ ಕಡಿಮೆಯಾಗುತ್ತದೆ, ಆದರೆ ಕಥೆಯ ಬೇರೂ ಕತ್ತರಿಸಿಹೋಗುತ್ತದೆ. ಕಲ್ಕುಡನ ಹೆಸರಿಲ್ಲದೆ ಕಲ್ಕುಡನ ಕಥೆ ಹೇಳಿದರೆ ಅರಸನ ಕ್ರೌರ್ಯಕ್ಕೂ ಹೆಸರಿಲ್ಲದಂತಾಗುತ್ತದೆ. ದೈವವನ್ನು ಬರೀ ಅಬ್ಬರದ ಶಕ್ತಿಯಾಗಿ ಉಳಿಸಿಕೊಂಡು ಅದರ ಹಿಂದಿನ ಜಾತಿ, ಭೂಮಿ, ದ್ರೋಹಗಳನ್ನು ಬಿಟ್ಟುಕೊಡುವ ಚಿತ್ರಗಳು ಈಗಾಗಲೇ ಸಾಲುಗಟ್ಟಿ ನಿಂತಿವೆ. ಎರಡು ಮೊಕದ್ದಮೆ ನೋಡಿದ ನಿರ್ಮಾಪಕನಿಗೆ ಅದು ಕ್ಷೇಮದ ದಾರಿಯಾಗಿ ಕಂಡರೆ ದೂರುವುದು ಕಷ್ಟ.

ಸ್ವಯಂನಿಯಂತ್ರಣ ಎರಡನೆಯ ದಾರಿ. ದೈವದ ದೃಶ್ಯಗಳನ್ನು ಪ್ರಚಾರದ ತುಣುಕುಗಳಲ್ಲಿ ಬಳಸದಿರುವುದು, ಆ ದೃಶ್ಯದ ಮೇಲೆ ನೃತ್ಯಸ್ಪರ್ಧೆ, ಮಿಮಿಕ್ರಿ ಕಾರ್ಯಕ್ರಮಗಳಿಗೆ ಅನುಮತಿ ಕೊಡದಿರುವುದು ನಿರ್ಮಾಪಕರ ಕೈಯಲ್ಲೇ ಇದೆ; ದೃಶ್ಯದ ಹಕ್ಕುಸ್ವಾಮ್ಯ ಅವರದು. ಪ್ರೇಕ್ಷಕರಿಗೆ ಮನವಿ ಮಾಡುವುದಕ್ಕಿಂತ ಇದು ಹೆಚ್ಚು ಫಲ ಕೊಟ್ಟೀತು, ಆದರೆ ಗಲ್ಲಾಪೆಟ್ಟಿಗೆಗೆ ಇದರಿಂದ ನಷ್ಟವಿದೆ. ಆದ್ದರಿಂದ ತಾನಾಗಿಯೇ ನಡೆಯುವ ಸಾಧ್ಯತೆ ಕಡಿಮೆ.

ಉಳಿದಿರುವುದು ನರ್ತಕ ಕುಟುಂಬಗಳ ಹಕ್ಕಿನ ವಿಷಯ. ಸಾಂಪ್ರದಾಯಿಕ ಸಾಂಸ್ಕೃತಿಕ ಅಭಿವ್ಯಕ್ತಿಗಳನ್ನು ಸಮುದಾಯದ ಸೊತ್ತಾಗಿ ಕಾಯುವ ಪ್ರತ್ಯೇಕ ಕಾನೂನು ಭಾರತದಲ್ಲಿಲ್ಲ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು ಎಂಬುದಿದೆ, ಮತ್ತು ಅದರ ವ್ಯಾಖ್ಯಾನ ನಟ, ಗಾಯಕ, ನರ್ತಕರಿಂದ ಹಾವಾಡಿಗನವರೆಗೆ ಎಲ್ಲರನ್ನೂ ಒಳಗೊಳ್ಳುತ್ತದೆ. ಪ್ರದರ್ಶಕನ ಒಪ್ಪಿಗೆಯಿಲ್ಲದೆ ಅವನ ಪ್ರದರ್ಶನವನ್ನು ಚಿತ್ರೀಕರಿಸಿ ಹಣ ಮಾಡಿಕೊಳ್ಳುವಂತಿಲ್ಲ. ಕೋಲದ ಅಂಗಳದಲ್ಲಿ ಮೊಬೈಲು ಹಿಡಿದು ನಿಂತು, ವಿಡಿಯೊವನ್ನು ಯೂಟ್ಯೂಬಿಗೆ ಏರಿಸಿ ಜಾಹೀರಾತಿನ ಹಣ ಪಡೆಯುವವರ ವಿರುದ್ಧ ಈ ಹಕ್ಕನ್ನು ಬಳಸಬಹುದೇ ಎಂಬುದು ಕೇಳಬೇಕಾದ ಪ್ರಶ್ನೆ. ಬಳಸಬೇಕಾದರೆ ಕೋಲವನ್ನು ಪ್ರದರ್ಶನವೆಂದು ಒಪ್ಪಿಕೊಳ್ಳಬೇಕಾಗುತ್ತದೆ. ಆರಾಧಕರು ಇಷ್ಟು ದಿನ ಅಲ್ಲವೆನ್ನುತ್ತಾ ಬಂದಿರುವುದು ಅದನ್ನೇ. ಆ ತೊಡಕನ್ನು ಬಿಡಿಸುವ ಮಾತುಕತೆಯಲ್ಲಿ ಗುತ್ತಿನ ಯಜಮಾನರು, ಚಿತ್ರ ನಿರ್ಮಾಪಕರು, ಸರ್ಕಾರದ ಅಧಿಕಾರಿಗಳು ಇದ್ದೇ ಇರುತ್ತಾರೆ. ಗಗ್ಗರ ಕಟ್ಟುವವರಿಗೆ ಅಲ್ಲಿ ಕುರ್ಚಿ ಹಾಕುವವರು ಯಾರೆಂಬುದು ಇನ್ನೂ ಗೊತ್ತಾಗಿಲ್ಲ.